ಪಾಲು ಮಾರಿ ಹೊರಟ ಚಿತ್ರಗಾರ: ಅಬ್ ಐವರ್ಕ್ಸನ ಜೀವನ ವೃತ್ತಾಂತ

ಮಿಕ್ಕಿ ಮೌಸ್ ಎಂಬ ಇಲಿಯನ್ನು ಕಾಣದ ಮನೆ ಇಂದು ವಿರಳ. ನಮ್ಮ ಮಕ್ಕಳ ಕಂಪಾಸು ಪೆಟ್ಟಿಗೆಯ ಮೇಲೆ, ನೀರಿನ ಬಾಟಲಿಯ ಮೇಲೆ, ಅಂಗಿಯ ಎದೆಯ ಮೇಲೆ ಅದು ಎರಡು ದುಂಡು ಕಿವಿಗಳನ್ನು ನಿಮಿರಿಸಿಕೊಂಡು ನಿಂತಿರುತ್ತದೆ. ಅದನ್ನು ಮಾಡಿದವರಾರೆಂದು ಕೇಳಿದರೆ ಎಳೆಯ ಮಗುವೂ ವಾಲ್ಟ್ ಡಿಸ್ನಿಯ ಹೆಸರನ್ನು ಹೇಳೀತು. ಆ ಉತ್ತರ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. 1928ರಲ್ಲಿ ತೆರೆಕಂಡ ‘ಸ್ಟೀಮ್‌ಬೋಟ್ ವಿಲ್ಲಿ’ ಎಂಬ ಚಿತ್ರದ ಆರಂಭದ ಫಲಕವನ್ನು ನಿಧಾನವಾಗಿ ಓದಿದವರಿಗೆ ಅಲ್ಲಿ ಮೂರು ಹೆಸರುಗಳು ಕಾಣುತ್ತವೆ. ಚಿತ್ರದ ಯಜಮಾನನಾದ ಡಿಸ್ನಿಯದು ಒಂದು. ಚಿತ್ರವನ್ನು ಬರೆದ ಅಬ್ ಐವರ್ಕ್ಸನದು ಇನ್ನೊಂದು. ಧ್ವನಿಮುದ್ರಣದ ಯಂತ್ರದೊಡೆಯ ಪವರ್ಸ್ ಎಂಬುವನದು ಮತ್ತೊಂದು. ಒಬ್ಬನ ಸಾಹಸ, ಒಬ್ಬನ ಕೈ, ಒಬ್ಬನ ಯಂತ್ರ. ಈ ಮೂವರ ನಡುವೆ ಮುಂದಿನ ಹದಿನಾಲ್ಕು ತಿಂಗಳಲ್ಲಿ ನಡೆದದ್ದೇ ನಾವು ಇಲ್ಲಿ ಹೇಳಹೊರಟಿರುವ ಕಥೆಯ ತಿರುಳು.

ಅಮೆರಿಕದ ಒಬ್ಬ ಕಾರ್ಟೂನು ಚಿತ್ರಗಾರನ ಕಥೆ ರಾಜ್ಯೋತ್ಸವದ ಸಂಚಿಕೆಯಲ್ಲಿ ಏತಕ್ಕೆಂದು ವಾಚಕರು ಕೇಳಬಹುದು. ಊರು ಬಿಟ್ಟು ಬಂದು ಮತ್ತೊಬ್ಬರ ಕೈಕೆಳಗೆ ದುಡಿಯುವ ನಮ್ಮಂಥವರ ಮನೆಗಳಲ್ಲಿ, ನೌಕರಿಯನ್ನು ಬಿಟ್ಟು ಸ್ವಂತವಾಗಿ ಏನಾದರೂ ಮಾಡಬೇಕೆಂಬ ಮಾತು ಒಂದಲ್ಲ ಒಂದು ದಿನ ರಾತ್ರಿಯ ಊಟದ ಹೊತ್ತಿಗೆ ಬಂದೇ ಬರುತ್ತದೆ. ಮಗ ಉತ್ಸಾಹದಿಂದ ಹೇಳುತ್ತಾನೆ. ತಂದೆ ತಟ್ಟೆಯನ್ನೇ ನೋಡುತ್ತಾನೆ. ತಾಯಿ ಇಬ್ಬರಿಗೂ ಅನ್ನ ಬಡಿಸುತ್ತಾಳೆ. ಐವರ್ಕ್ಸ್ ಅಂಥ ಮಾತನ್ನು ಮಾತಾಗಿ ಬಿಡದೆ ಮಾಡಿ ತೋರಿಸಿದವನು. ಅದರಿಂದ ಅವನಿಗೆ ಬಂದ ಲಾಭವೇನು, ಹೋದದ್ದೇನು ಎಂಬುದನ್ನು ಲೆಕ್ಕದವರ ಕಣ್ಣಿನಿಂದ ನೋಡುವುದು ನಮಗೆ ಉಪಯುಕ್ತವೆನಿಸಿತು.

ಐವರ್ಕ್ಸ್ ಹುಟ್ಟಿದ್ದು 1901ರ ಮಾರ್ಚ್ 24ರಂದು, ಅಮೆರಿಕದ ಮಿಸ್ಸೂರಿ ಸಂಸ್ಥಾನದ ಕ್ಯಾನ್ಸಾಸ್ ಸಿಟಿ ಎಂಬ ನಗರದಲ್ಲಿ. ತಂದೆ ಜರ್ಮನಿಯ ಉತ್ತರ ತೀರದ ಫ್ರೀಸಿಯಾ ಪ್ರಾಂತ್ಯದಿಂದ ವಲಸೆ ಬಂದವನು; ಕ್ಷೌರದ ವೃತ್ತಿಯವನು. ಆ ತಂದೆ ಹೆಂಡತಿ ಮಗನನ್ನು ಕೈಬಿಟ್ಟು ಹೊರಟುಹೋದನು. ಹುಡುಗನು ಓದನ್ನು ಅರ್ಧಕ್ಕೆ ನಿಲ್ಲಿಸಿ ತಾಯಿಯನ್ನು ಸಾಕುವ ಭಾರವನ್ನು ಹೊರಬೇಕಾಯಿತು. ಮಾತು ಕಡಿಮೆ, ಸಂಕೋಚ ಹೆಚ್ಚು, ಕೈ ಮಾತ್ರ ಅತಿ ಚುರುಕು: ಅವನನ್ನು ಬಲ್ಲವರೆಲ್ಲರೂ ಅವನನ್ನು ಹೀಗೆಯೇ ವರ್ಣಿಸಿದ್ದಾರೆ. ಚಿತ್ರ ಬರೆಯುವಂತೆಯೇ ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲಿಯೂ ಅವನಿಗೆ ಅಪಾರ ಆಸಕ್ತಿ. ಈ ಎರಡನೆಯ ಆಸಕ್ತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಕಥೆಯ ಕೊನೆಗೆ ಇದೇ ದೊಡ್ಡದಾಗುತ್ತದೆ.

1919ರಲ್ಲಿ ಅದೇ ನಗರದ ಒಂದು ಜಾಹೀರಾತು ಚಿತ್ರಶಾಲೆಯಲ್ಲಿ ಅವನಿಗೆ ತನ್ನ ವಯಸ್ಸಿನವನೇ ಆದ ವಾಲ್ಟ್ ಡಿಸ್ನಿಯ ಪರಿಚಯವಾಯಿತು. ಇಬ್ಬರಿಗೂ ಹದಿನೆಂಟರ ಹರೆಯ. ಸ್ವಲ್ಪ ದಿನಗಳಲ್ಲಿಯೇ ಕೆಲಸ ಕಡಿಮೆಯಾಯಿತೆಂದು ಇಬ್ಬರನ್ನೂ ಅಲ್ಲಿಂದ ಬಿಡಿಸಿದರು. 1920ರ ಜನವರಿಯಲ್ಲಿ ಇಬ್ಬರೂ ಕೂಡಿ ತಮ್ಮದೇ ಪಾಲುದಾರಿಕೆಯ ಅಂಗಡಿಯನ್ನು ತೆರೆದರು. ಆ ಫಲಕದಲ್ಲಿ ಐವರ್ಕ್ಸನ ಹೆಸರೇ ಮೊದಲು, ಡಿಸ್ನಿಯ ಹೆಸರು ಆಮೇಲೆ. ಅಂಗಡಿ ಸುಮಾರು ಒಂದು ತಿಂಗಳು ನಡೆಯಿತು. ಡಿಸ್ನಿಗೆ ಬೇರೊಂದು ಕಂಪನಿಯಲ್ಲಿ ಸಂಬಳದ ಕೆಲಸ ಸಿಕ್ಕಿತು. ಗಿರಾಕಿಗಳೊಡನೆ ಮಾತನಾಡಲು ಬಾರದ ಐವರ್ಕ್ಸ್ ಒಬ್ಬನೇ ಅಂಗಡಿ ನಡೆಸಲಾರದೆ ಮುಚ್ಚಿ, ಗೆಳೆಯನ ಹಿಂದೆಯೇ ಆ ಕಂಪನಿಯನ್ನು ಸೇರಿದನು. ಚಿತ್ರ ಬರೆಯುವವನೊಬ್ಬ, ಅದನ್ನು ಮಾರುವವನೊಬ್ಬ ಎಂಬ ಹಂಚಿಕೆ ಆ ಒಂದು ತಿಂಗಳಿನಲ್ಲಿಯೇ ನಿರ್ಧಾರವಾಗಿಹೋಯಿತೆಂದು ನಮಗೆ ತೋರುತ್ತದೆ.

ಆಮೇಲೆ ಡಿಸ್ನಿ 1922ರಲ್ಲಿ ಲಾಫ್-ಓ-ಗ್ರಾಮ್ ಎಂಬ ಚಿತ್ರ ಕಂಪನಿಯನ್ನು ಸ್ಥಾಪಿಸಿದನು. ಐವರ್ಕ್ಸ್ ಅಲ್ಲಿಗೂ ಬಂದನು. 1923ರಲ್ಲಿ ಆ ಕಂಪನಿ ದಿವಾಳಿಯೆದ್ದಿತು. ಡಿಸ್ನಿ ಲಾಸ್ ಏಂಜಲೀಸಿಗೆ ಹೋಗಿ ಅಣ್ಣ ರಾಯ್‌ನೊಡನೆ ಹೊಸ ಉದ್ಯೋಗ ಹೂಡಿ, 1924ರಲ್ಲಿ ಐವರ್ಕ್ಸನನ್ನು ಕರೆಸಿಕೊಂಡನು. 1927ರಲ್ಲಿ ಅವರು ಆಸ್ವಾಲ್ಡ್ ಎಂಬ ಮೊಲದ ಚಿತ್ರಮಾಲೆಯನ್ನು ಆರಂಭಿಸಿದರು. ಮೊಲ ಜನಪ್ರಿಯವಾಯಿತು. ಆದರೆ ಅದರ ಹಕ್ಕು ಡಿಸ್ನಿಯದಾಗಿರಲಿಲ್ಲ. ಹಂಚಿಕೆದಾರ ಚಾರ್ಲ್ಸ್ ಮಿಂಟ್ಜ್ 1928ರ ಆರಂಭದಲ್ಲಿ ಡಿಸ್ನಿಯ ಚಿತ್ರಗಾರರಲ್ಲಿ ಬಹುಮಂದಿಯನ್ನು ಗುಟ್ಟಾಗಿ ತನ್ನ ಕಡೆಗೆ ಸೆಳೆದುಕೊಂಡು, ಕಡಿಮೆ ಹಣಕ್ಕೆ ಒಪ್ಪುವಂತೆ ಡಿಸ್ನಿಯನ್ನು ಒತ್ತಾಯಿಸಿದನು. ಡಿಸ್ನಿ ಒಪ್ಪದೆ ಬರಿಗೈಯಲ್ಲಿ ಹಿಂದಿರುಗಿದನು. ಕರೆ ಬಂದರೂ ಹೋಗದೆ ಉಳಿದವರಲ್ಲಿ ಐವರ್ಕ್ಸನೇ ಮುಖ್ಯನು.

ಇನ್ನು ಹೊಸ ಪ್ರಾಣಿಯೊಂದು ಬೇಕಾಯಿತು. ಮೊಲದ ಕಿವಿಯನ್ನು ದುಂಡಗೆ ಮಾಡಿ, ಬಾಲವನ್ನು ಉದ್ದಕ್ಕೆಳೆದಂತೆ, ವೃತ್ತಗಳ ಮೇಲೆ ವೃತ್ತಗಳನ್ನಿಟ್ಟು ಐವರ್ಕ್ಸ್ ಇಲಿಗೆ ರೂಪ ಕೊಟ್ಟನು. ಬಿಟ್ಟು ಹೋಗಲಿದ್ದ ಚಿತ್ರಗಾರರು ಹಳೆಯ ಕರಾರಿನಂತೆ ಇನ್ನೂ ಅದೇ ಕಟ್ಟಡದಲ್ಲಿ ಮೊಲದ ಚಿತ್ರಗಳನ್ನು ಮುಗಿಸುತ್ತಿದ್ದರು. ಅವರ ಕಣ್ಣು ತಪ್ಪಿಸಿ ಪ್ರತ್ಯೇಕವಾಗಿ ಕುಳಿತು ಐವರ್ಕ್ಸ್ ‘ಪ್ಲೇನ್ ಕ್ರೇಜಿ’ ಎಂಬ ಮೊದಲ ಮಿಕ್ಕಿ ಚಿತ್ರವನ್ನು ಬರೆದನು.

ಕಾರ್ಟೂನು ಚಿತ್ರವೆಂದರೆ ಎಷ್ಟು ದುಡಿಮೆ ಎಂಬುದನ್ನು ಇಲ್ಲಿ ಹೇಳಬೇಕು. ಮಾತಿನ ಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಕಣ್ಣಮುಂದೆ ಹಾಯುತ್ತವೆ. ಏಳು ನಿಮಿಷದ ಚಿತ್ರಕ್ಕೆ 10,080 ಆಯಿತು. ಒಂದೊಂದನ್ನು ಎರಡೆರಡು ಸಲ ಹಿಡಿದರೂ ಐದು ಸಾವಿರ ಹಾಳೆಗಳನ್ನು ಕೈಯಿಂದ ಬರೆಯಬೇಕು. ಐವರ್ಕ್ಸ್ ಆ ಮೊದಲ ಚಿತ್ರದ ಸಮಯದಲ್ಲಿ ದಿನಕ್ಕೆ 700ರವರೆಗೆ ಹಾಳೆಗಳನ್ನು ಬರೆದನೆಂದು ಪ್ರಸಿದ್ಧಿ. ಹತ್ತು ಗಂಟೆ ಎದ್ದೇಳದೆ ಕುಳಿತರೂ ನಿಮಿಷಕ್ಕೆ ಒಂದಕ್ಕಿಂತ ಹೆಚ್ಚು! ಹಾಗೆ ಬರೆದ ಮೊದಲೆರಡು ಮಿಕ್ಕಿ ಚಿತ್ರಗಳನ್ನು ಕೊಳ್ಳುವವರೇ ಸಿಕ್ಕಲಿಲ್ಲ. ಆಗ ಡಿಸ್ನಿ ಮೂರನೆಯದಕ್ಕೆ ಧ್ವನಿಯನ್ನು ಜೋಡಿಸುವ ಸಾಹಸಕ್ಕೆ ಕೈ ಹಾಕಿದನು. ಪ್ಯಾಟ್ ಪವರ್ಸನ ಯಂತ್ರದಿಂದ ಧ್ವನಿಮುದ್ರಿತವಾದ ‘ಸ್ಟೀಮ್‌ಬೋಟ್ ವಿಲ್ಲಿ’ 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಪ್ರದರ್ಶಿತವಾಗಿ, ಇಲಿಯನ್ನು ಜಗತ್ಪ್ರಸಿದ್ಧವಾಗಿಸಿತು. ಮರುವರ್ಷ ಐವರ್ಕ್ಸ್ ಬರೆದ ಅಸ್ಥಿಪಂಜರಗಳ ನೃತ್ಯದ ಚಿತ್ರವೂ ಬಹಳ ಕೀರ್ತಿ ಪಡೆಯಿತು.

ಕೀರ್ತಿ ಬಂದ ಮನೆಗೆ ಮನಸ್ತಾಪವೂ ಬಂದಿತು. ಐವರ್ಕ್ಸ್ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಎಲ್ಲವನ್ನೂ ತಾನೇ ಬರೆಯಲು ಇಷ್ಟಪಡುತ್ತಿದ್ದನು. ಆತನು ಮುಖ್ಯ ಭಂಗಿಗಳನ್ನಷ್ಟೇ ಬರೆಯಲಿ, ನಡುವಿನವನ್ನು ಕಿರಿಯರು ತುಂಬಲಿ ಎಂಬುದು ಡಿಸ್ನಿಯ ಹಟ. ಯಾವ ಚಲನೆ ಎಷ್ಟು ಹೊತ್ತು ಇರಬೇಕೆಂಬ ಲೆಕ್ಕದ ಹಾಳೆಗಳನ್ನು ಐವರ್ಕ್ಸ್ ಹಗಲು ಸಿದ್ಧಪಡಿಸಿಟ್ಟರೆ, ಡಿಸ್ನಿ ರಾತ್ರಿ ಬಂದು ಅವನ್ನು ತನಗೆ ಬೇಕಾದಂತೆ ತಿದ್ದಿಬಿಡುತ್ತಿದ್ದನು. ನಿಷ್ಪಕ್ಷಪಾತವಾಗಿ ನೋಡಿದರೆ, ದೊಡ್ಡ ಕಾರ್ಖಾನೆಗೆ ಡಿಸ್ನಿಯ ಕ್ರಮವೇ ತಕ್ಕದ್ದು. ಲೋಕದ ಕಾರ್ಟೂನು ಚಿತ್ರಶಾಲೆಗಳೆಲ್ಲ ಅದನ್ನೇ ಹಿಡಿದವು. ನಮ್ಮ ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿನ ಕಲಾವಿದರಿಗೆ ಈ ವಿದ್ಯೆಯನ್ನು ಕಲಿಸಲು 1956ರಲ್ಲಿ ಬಂದ ಕ್ಲೇರ್ ವೀಕ್ಸ್ ಕೂಡ ಡಿಸ್ನಿಯ ಗರಡಿಯಲ್ಲಿ ಪಳಗಿದವನೇ. ಆದರೆ ತಾನು ಮಾಡಿಟ್ಟ ಕೆಲಸ ಬೆಳಗಾಗುವಷ್ಟರಲ್ಲಿ ಬೇರೆಯಾಗಿರುವುದನ್ನು ದಿನದಿನವೂ ಕಾಣುವ ನೌಕರನಿಗೆ ಆಗುವ ಸಂಕಟ ಬೇರೆ. ಅದನ್ನು ಲಾಭದ ಲೆಕ್ಕ ಸಮಾಧಾನಪಡಿಸಲಾರದು.

ಇಷ್ಟರಲ್ಲಿ ಪವರ್ಸನಿಗೂ ಡಿಸ್ನಿ ಸೋದರರಿಗೂ ಹಣದ ವಿಷಯದಲ್ಲಿ ವಿರಸ ಹುಟ್ಟಿತು. ಚಿತ್ರಗಳ ಗಳಿಕೆಯ ಲೆಕ್ಕವನ್ನು ಪವರ್ಸ್ ಸರಿಯಾಗಿ ಒಪ್ಪಿಸುತ್ತಿಲ್ಲವೆಂಬುದು ಅವರ ದೂರು. ಡಿಸ್ನಿಯನ್ನು ಬಗ್ಗಿಸಲು ಪವರ್ಸ್ ಕಂಡುಕೊಂಡ ಉಪಾಯ ಐವರ್ಕ್ಸನನ್ನು ಸೆಳೆಯುವುದು. ಸ್ವಂತ ಹೆಸರಿನ ಚಿತ್ರಶಾಲೆ, ತನ್ನಿಷ್ಟದಂತೆ ಬರೆಯುವ ಸ್ವಾತಂತ್ರ್ಯ, ಹಣವೆಲ್ಲ ಪವರ್ಸನದು. ಇದೇ ಬಗೆಯ ಕರೆಯನ್ನು ಎರಡು ವರ್ಷದ ಹಿಂದೆ ತಿರಸ್ಕರಿಸಿದ್ದ ಐವರ್ಕ್ಸ್ ಈ ಸಲ ಒಪ್ಪಿದನು. 1930ರ ಜನವರಿಯಲ್ಲಿ ಆತನು ರಾಯ್ ಡಿಸ್ನಿಗೆ ಬಿಡುಗಡೆಯ ಮಾತನ್ನು ತಿಳಿಸಿದನು. ವಾಲ್ಟ್ ಆಗ ಪವರ್ಸನೊಡನೆ ಲೆಕ್ಕದ ಮಾತಿಗಾಗಿ ನ್ಯೂಯಾರ್ಕಿಗೆ ಹೋಗಿದ್ದನು. ಹತ್ತು ವರ್ಷದ ಗೆಳೆತನ ಅಲ್ಲಿಗೆ ಕಡಿಯಿತು. ಅದೇ ದಿನಗಳಲ್ಲಿ ಸಂಗೀತಗಾರ ಕಾರ್ಲ್ ಸ್ಟಾಲಿಂಗನೂ ಡಿಸ್ನಿಯನ್ನು ಬಿಟ್ಟನು.

ಡಿಸ್ನಿ ಕಂಪನಿಯಲ್ಲಿ ಐವರ್ಕ್ಸನಿಗೆ ಶೇಕಡ 20ರ ಪಾಲಿತ್ತು. ಅದನ್ನು ಆತನು 2,920 ಡಾಲರುಗಳಿಗೆ ಬಿಟ್ಟುಕೊಟ್ಟನು. ಈ ಅಂಕಿಯನ್ನು ಓದಿದವರೆಲ್ಲರೂ ಅಯ್ಯೋ ಎನ್ನುತ್ತಾರೆ. ಆ ಕಂಪನಿ ಇಂದು ಜಗತ್ತಿನ ಅತಿ ದೊಡ್ಡ ಮನರಂಜನಾ ಸಂಸ್ಥೆಗಳಲ್ಲೊಂದು. ಅದರ ಐದನೆಯ ಒಂದು ಪಾಲಿನ ಇಂದಿನ ಬೆಲೆಯನ್ನು ನೆನೆದರೆ ತಲೆ ತಿರುಗುತ್ತದೆ. ಆದರೆ ಪಾಲಿನ ಬೆಲೆಯನ್ನು ಮಾರಿದ ದಿನದ ಲೆಕ್ಕದಲ್ಲಿ ನೋಡಬೇಕೇ ಹೊರತು ತೊಂಬತ್ತು ವರ್ಷದ ನಂತರದ ಲೆಕ್ಕದಲ್ಲಿ ಅಲ್ಲ. ಆ ದಿನ ಕಂಪನಿಗೆ ಕೈಯಲ್ಲಿ ಹಣವಿರಲಿಲ್ಲ, ಹಂಚಿಕೆದಾರನೊಡನೆ ವ್ಯಾಜ್ಯ, ಮುಖ್ಯ ಚಿತ್ರಗಾರ ಹೊರಟು ನಿಂತಿದ್ದಾನೆ. ಹೊರಗೆ 1929ರ ಷೇರುಪೇಟೆಯ ಕುಸಿತದ ಗಾಳಿ. ಆದ್ದರಿಂದ ಐವರ್ಕ್ಸ್ ಎಡವಿದ್ದು ಆ ಬೆಲೆಯಲ್ಲಿ ಎಂದು ನಾವು ಭಾವಿಸುವುದಿಲ್ಲ. ಎಡವಿದ್ದು ಬೇರೆ ಕಡೆ. ಒಂದು ಸಂಸ್ಥೆಯಲ್ಲಿ ಶೇಕಡ 20ರ ಒಡೆಯನಾಗಿದ್ದವನು, ಸ್ವತಂತ್ರನಾಗುವೆನೆಂದು ಹೊರಟು, ಮತ್ತೊಬ್ಬನ ಬಂಡವಾಳದ ಮೇಲೆ ನಿಂತ ಸಂಸ್ಥೆಗೆ ಬಂದನು. ಫಲಕದ ಮೇಲೆ ಹೆಸರು ಐವರ್ಕ್ಸನದು. ತಿಜೋರಿಯ ಬೀಗದಕೈ ಪವರ್ಸನದು.

ಹೊಸ ಚಿತ್ರಶಾಲೆಯ ಮೊದಲ ನಾಯಕ ಫ್ಲಿಪ್ ಎಂಬ ಕಪ್ಪೆ. 1930ರಲ್ಲಿ ಬಂದ ಅದರ ‘ಫಿಡಲ್‌ಸ್ಟಿಕ್ಸ್’ ಎಂಬ ಚಿತ್ರ ಬಣ್ಣದಲ್ಲಿ ತಯಾರಾದ ಮೊದಮೊದಲ ಮಾತಿನ ಕಾರ್ಟೂನುಗಳಲ್ಲೊಂದು. ಎಂ.ಜಿ.ಎಂ. ಎಂಬ ದೊಡ್ಡ ಕಂಪನಿ ಹಂಚಿಕೆಗೆ ಒಪ್ಪಿತು. ಆರಂಭ ಶುಭವಾಗಿಯೇ ಇತ್ತು. ಆದರೆ ಕಪ್ಪೆಯನ್ನು ಹೆಚ್ಚು ಜನಪ್ರಿಯಗೊಳಿಸಬೇಕೆಂದು ಹಣ ಹಾಕಿದವರು ಒತ್ತಾಯಿಸಿದರು. ದಿನ ಕಳೆದಂತೆ ಅದರಲ್ಲಿ ಕಪ್ಪೆತನ ಕಡಿಮೆಯಾಗಿ, ಕೊನೆಗೆ ಯಾವ ಪ್ರಾಣಿಯೆಂದು ಹೇಳಲಾಗದ ಒಬ್ಬ ಕುಳ್ಳ ಹುಡುಗನಂತಾಯಿತು. ಯಾರ ತಿದ್ದುಪಡಿಯನ್ನು ಸಹಿಸಲಾರದೆ ಹೊರಬಂದನೋ ಅಂಥ ತಿದ್ದುಪಡಿ ಇಲ್ಲಿಯೂ ತಪ್ಪಲಿಲ್ಲ. 1933ರಲ್ಲಿ ಕಪ್ಪೆಯ ಮಾಲೆ ನಿಂತಿತು. ಅದರ ಬದಲು ಬುರುಡೆ ಬಿಡುವ ಹುಡುಗನೊಬ್ಬನ ಮಾಲೆ ಬಂದು ಮರುವರ್ಷವೇ ಮುಗಿಯಿತು. ಆಮೇಲೆ ಅಜ್ಜಿಕಥೆಗಳ ಬಣ್ಣದ ಚಿತ್ರಗಳು ಬಂದವು. ಮೂರು ವರ್ಣದ ಟೆಕ್ನಿಕಲರ್ ಪದ್ಧತಿಯನ್ನು ಕಾರ್ಟೂನುಗಳಿಗೆ ಬಳಸುವ ಹಕ್ಕನ್ನು 1932ರಲ್ಲಿಯೇ ಡಿಸ್ನಿ ಕೆಲವು ವರ್ಷಗಳ ಮಟ್ಟಿಗೆ ತನಗೊಬ್ಬನಿಗೇ ಬರೆಸಿಕೊಂಡಿದ್ದರಿಂದ, ಐವರ್ಕ್ಸ್ ಎರಡೇ ವರ್ಣದ ಪದ್ಧತಿಯಿಂದ ತೃಪ್ತನಾಗಬೇಕಾಯಿತು.

ಚಿತ್ರಗಳಲ್ಲಿ ಚಲನೆ ಸೊಗಸಾಗಿತ್ತು, ಯಂತ್ರ ಕೌಶಲ ಇನ್ನೂ ಸೊಗಸಾಗಿತ್ತು. ಕಥೆ ಮಾತ್ರ ಸಪ್ಪೆ. ಮಿಕ್ಕಿಗೆ ಇದ್ದಂಥ ಜೀವ ಕಪ್ಪೆಗೆ ಬರಲಿಲ್ಲ. ಡಿಸ್ನಿ ರಾತ್ರಿ ಬಂದು ತಿದ್ದುತ್ತಿದ್ದ ಆ ಹಾಳೆಗಳಲ್ಲಿ ಬರಿಯ ಅಹಂಕಾರವಿರಲಿಲ್ಲ, ಕಥೆ ಹೇಳುವ ಒಂದು ವಿದ್ಯೆಯೂ ಇತ್ತೆಂಬುದು ಆಗ ಲೋಕಕ್ಕೆ ತಿಳಿಯಿತು. ಐವರ್ಕ್ಸನ ಮನಸ್ಸೂ ಕ್ರಮೇಣ ಚಿತ್ರದ ಹಲಗೆಯಿಂದ ದೂರವಾಗಿ ಯಂತ್ರದ ಕೊಠಡಿಯ ಕಡೆಗೆ ಹೊರಳಿತು. ಹಳೆಯ ಷೆವ್ರೊಲೆ ಮೋಟಾರಿನ ಬಿಡಿಭಾಗಗಳನ್ನು ಕೂಡಿಸಿ ಆತನು ಒಂದು ಬಹುಪದರದ ಕ್ಯಾಮೆರಾವನ್ನು ಕಟ್ಟಿದನು. ನಾವು ಊರಿಗೆ ಹೋಗುವ ರೈಲಿನ ಕಿಟಕಿಯಲ್ಲಿ ಕುಳಿತು ನೋಡಿದರೆ ಹತ್ತಿರದ ಗಿಡಗಳು ಸರಸರನೆ ಹಿಂದೆ ಓಡುತ್ತವೆ, ದೂರದ ಗುಡ್ಡಗಳು ನಿಧಾನವಾಗಿ ಸರಿಯುತ್ತವೆ. ಚಿತ್ರವನ್ನು ಬೇರೆ ಬೇರೆ ಪದರಗಳಲ್ಲಿ ಬರೆದು, ಅಂತರಬಿಟ್ಟು ಜೋಡಿಸಿ, ಅದೇ ಭ್ರಮೆಯನ್ನು ತೆರೆಯ ಮೇಲೆ ತರುವುದು ಆ ಯಂತ್ರದ ಕೆಲಸ.

1936ರಲ್ಲಿ ಹಣ ಹಾಕಿದವರು ಕೈ ಹಿಂದೆಗೆದರು, ಚಿತ್ರಶಾಲೆ ಮುಚ್ಚಿತು. ಒಂದು ಮಾತನ್ನು ಇಲ್ಲಿ ಜಮಾ ಕಡೆಗೂ ಬರೆಯಬೇಕು. ಆ ಆರು ವರ್ಷಗಳಲ್ಲಿ ಅಲ್ಲಿ ದುಡಿದು ಹೋದವರ ಪಟ್ಟಿ ಸಾಮಾನ್ಯವಲ್ಲ. ಮುಂದೆ ಲೋಕಪ್ರಸಿದ್ಧನಾದ ಚಕ್ ಜೋನ್ಸ್ ಅಲ್ಲಿ ಸೆಲ್ಯುಲಾಯ್ಡ್ ಹಾಳೆಗಳನ್ನು ತೊಳೆಯುವ ಹುಡುಗನಾಗಿ ಕೆಲಸ ಆರಂಭಿಸಿದವನು. ಗ್ರಿಮ್ ನಾಟ್ವಿಕ್ ಅಲ್ಲಿಂದ ಡಿಸ್ನಿಯ ಬಳಿಗೆ ಹೋಗಿ 1937ರ ‘ಸ್ನೋ ವೈಟ್’ ಚಿತ್ರದ ನಾಯಕಿಗೆ ಚಲನೆ ಕೊಟ್ಟನು. ಸ್ಟಾಲಿಂಗ್ ಅಲ್ಲಿಂದ ವಾರ್ನರ್ ಸಂಸ್ಥೆಯ ಚಿತ್ರಗಳಿಗೆ ಹೋಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸಂಗೀತ ಕೊಟ್ಟನು. ಮುಚ್ಚಿದ ಅಂಗಡಿಯೂ ಹೀಗೆ ಕೆಲವರಿಗೆ ಪಾಠಶಾಲೆಯಾಯಿತು.

ಆಮೇಲಿನ ನಾಲ್ಕು ವರ್ಷ ಐವರ್ಕ್ಸ್ ಗುತ್ತಿಗೆಯ ಕೆಲಸ ಹಿಡಿದನು. ವಾರ್ನರ್ ಸಂಸ್ಥೆಗಾಗಿ ಪೋರ್ಕಿ ಎಂಬ ಹಂದಿಯ ಎರಡು ಚಿತ್ರಗಳನ್ನು ಮಾಡಿಕೊಟ್ಟು, ನಂತರ ಕೊಲಂಬಿಯಾ ಕಂಪನಿಗೆ ಕೆಲವು ಚಿತ್ರಗಳನ್ನು ಮಾಡಿದನು. ಒಡೆತನವೂ ಇಲ್ಲ, ನೌಕರಿಯ ನೆಮ್ಮದಿಯೂ ಇಲ್ಲ. ಮನೆಯಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು. 1940ರಲ್ಲಿ ಆತನು ಡಿಸ್ನಿಯ ಸಂಸ್ಥೆಗೆ ಮರಳಿದನು.

ಈ ಮರಳುವಿಕೆಯೇ ನಮಗೆ ಈ ಜೀವನದಲ್ಲಿ ಅತ್ಯಂತ ಕಠಿಣವಾದ ಹೆಜ್ಜೆಯಾಗಿ ಕಾಣುತ್ತದೆ. ಹತ್ತು ವರ್ಷದ ಹಿಂದೆ ಪಾಲುದಾರನಾಗಿ ಬಿಟ್ಟ ಮನೆಗೆ ಸಂಬಳಗಾರನಾಗಿ ಬರುವುದು. ತಾನು ರೂಪ ಕೊಟ್ಟ ಇಲಿಯ ಚಿತ್ರ ಗೋಡೆಗೋಡೆಯ ಮೇಲಿರುವ ಕಟ್ಟಡದಲ್ಲಿ ಒಂದು ಮೇಜನ್ನು ಬೇಡುವುದು. ಡಿಸ್ನಿ ಅವನನ್ನು ಸೇರಿಸಿಕೊಂಡನು. ಹಳೆಯ ಸಲಿಗೆ ಮಾತ್ರ ಮತ್ತೆ ಬರಲಿಲ್ಲವೆನ್ನುತ್ತಾರೆ. ಆದರೆ ಹಳೆಯ ಜಗಳವೂ ಬರಲಿಲ್ಲ, ಏಕೆಂದರೆ ಐವರ್ಕ್ಸ್ ಚಿತ್ರ ಬರೆಯುವ ಕೆಲಸಕ್ಕೆ ಹಿಂದಿರುಗಲಿಲ್ಲ. ಆತನು ಯಂತ್ರಶಾಲೆಯನ್ನು ಹಿಡಿದನು. ಅಲ್ಲಿ ರಾತ್ರಿ ಬಂದು ತಿದ್ದುವವರು ಯಾರೂ ಇರಲಿಲ್ಲ.

ಮುಂದಿನ ಮೂವತ್ತು ವರ್ಷ ಆತನು ಅಲ್ಲಿ ಮಾಡಿದ ಕೆಲಸವನ್ನು ಎಣಿಸುವುದು ಕಷ್ಟ. ಜೀವಂತ ನಟರೊಡನೆ ಕಾರ್ಟೂನು ಪ್ರಾಣಿಗಳು ಕುಣಿಯುವ ಚಿತ್ರಗಳಿಗೆ ಬೇಕಾದ ಉಪಕರಣಗಳನ್ನು ರಚಿಸಿದನು. 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ ನೋಡುವವರ ಸುತ್ತಲೂ ವೃತ್ತಾಕಾರವಾಗಿ ಚಿತ್ರ ಓಡುವ ವ್ಯವಸ್ಥೆಯಲ್ಲಿ ಅವನ ಕೈಯಿತ್ತು. ಚಿತ್ರಗಾರನ ಪೆನ್ಸಿಲ್ ಗೆರೆಯನ್ನು ಹೆಂಗಸರು ಒಂದೊಂದಾಗಿ ಮಸಿಯಿಂದ ಸೆಲ್ಯುಲಾಯ್ಡ್ ಹಾಳೆಗೆ ಇಳಿಸುತ್ತಿದ್ದ ಕಾಲವದು. ಆತನು ಜೆರಾಕ್ಸ್ ಯಂತ್ರವನ್ನು ಮಾರ್ಪಡಿಸಿ ಗೆರೆ ನೇರವಾಗಿ ಹಾಳೆಗೆ ಇಳಿಯುವಂತೆ ಮಾಡಿದನು. 1961ರಲ್ಲಿ ಬಂದ, ಮೈತುಂಬ ಚುಕ್ಕೆಗಳುಳ್ಳ ನೂರೊಂದು ನಾಯಿಗಳ ಚಿತ್ರ ಸಾಧ್ಯವಾದದ್ದು ಇದರಿಂದ. ಅದೇ ಯಂತ್ರದಿಂದ ಮಸಿ ಹಾಕುವವರ ಕೆಲಸ ಬಹಳ ಕಡಿಮೆಯಾಯಿತೆಂಬುದನ್ನೂ ಮರೆಯಬಾರದು. 1964ರ ‘ಮೇರಿ ಪಾಪಿನ್ಸ್’ ಚಿತ್ರದಲ್ಲಿ ನಟರು ಪೆಂಗ್ವಿನ್ ಹಕ್ಕಿಗಳೊಡನೆ ಕುಣಿಯುವುದನ್ನು ಅನೇಕರು ನೋಡಿರಬಹುದು. ಹಳದಿಯ ಸೋಡಿಯಂ ದೀಪ ಬೆಳಗಿದ ಪರದೆಯ ಮುಂದೆ ನಟರನ್ನು ನಿಲ್ಲಿಸಿ, ಒಂದೇ ಕ್ಯಾಮೆರಾದಲ್ಲಿ ಎರಡು ಫಿಲ್ಮುಗಳ ಮೇಲೆ ಹಿಡಿದು, ನಟರ ಆಕಾರವನ್ನು ಹಿನ್ನೆಲೆಯಿಂದ ಕೂದಲೆಳೆಯಷ್ಟೂ ತಪ್ಪದಂತೆ ಬಿಡಿಸಿಕೊಳ್ಳುವ ಪದ್ಧತಿಯದು. ಇದಕ್ಕಾಗಿ ಪೆಟ್ರೊ ವ್ಲಾಹೋಸ್ ಮತ್ತು ವಾಡ್ಸ್‌ವರ್ತ್ ಪೋಲ್ ಅವರೊಡನೆ ಐವರ್ಕ್ಸನಿಗೂ ಆಸ್ಕರ್ ಗೌರವ ದೊರೆಯಿತು. 1959ರ ಸಾಲಿನ ಆಸ್ಕರ್ ತಾಂತ್ರಿಕ ಗೌರವಗಳಲ್ಲೊಂದು ಅವನ ಚಿತ್ರಮುದ್ರಕ ಯಂತ್ರಕ್ಕೆ ಮೊದಲೇ ಸಂದಿತ್ತು. ಹಿಚ್‌ಕಾಕ್ ತನ್ನ 1963ರ ‘ದಿ ಬರ್ಡ್ಸ್’ ಚಿತ್ರಕ್ಕೆ ಸಾವಿರಾರು ಹಕ್ಕಿಗಳು ಮುತ್ತಿಗೆ ಹಾಕುವ ದೃಶ್ಯಗಳು ಬೇಕಾದಾಗ ಇವನ ಸಹಾಯವನ್ನೇ ಪಡೆದನು.

ಡಿಸ್ನಿ 1966ರ ಡಿಸೆಂಬರ್ 15ರಂದು ತೀರಿಕೊಂಡನು. ಐವರ್ಕ್ಸ್ ಕೆಲಸದಲ್ಲಿಯೇ ಇದ್ದು, 1971ರ ಜುಲೈ 7ರಂದು ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನನಾದನು. ಮಗ ಡಾನ್ ಐವರ್ಕ್ಸ್ ತಂದೆಯ ಯಂತ್ರವಿದ್ಯೆಯನ್ನು ಮುಂದುವರಿಸಿ, ಅದೇ ಡಿಸ್ನಿ ಸಂಸ್ಥೆಯಲ್ಲಿ ದಶಕಗಳ ಕಾಲ ದುಡಿದು, ಆಮೇಲೆ ಹೊರಬಂದು ಐವರ್ಕ್ಸ್ ಎಂಬ ಹೆಸರಿನಲ್ಲಿಯೇ ಸ್ವಂತ ಕಂಪನಿಯನ್ನು ಕಟ್ಟಿದನು. ಮೊದಲ ತಲೆಮಾರು ಮುಚ್ಚಿದ ಫಲಕ ಎರಡನೆಯ ತಲೆಮಾರಿನಲ್ಲಿ ಹೀಗೆ ಮತ್ತೆ ಮೇಲೇರಿತು. ‘ಸ್ಟೀಮ್‌ಬೋಟ್ ವಿಲ್ಲಿ’ಯ ಅಮೆರಿಕದ ಹಕ್ಕುಸ್ವಾಮ್ಯ 2023ರ ಕೊನೆಗೆ ತೀರಿ, ಆ ಚಿತ್ರ 2024ರ ಜನವರಿ 1ರಿಂದ ಅಲ್ಲಿ ಸರ್ವರ ಸ್ವತ್ತಾಗಿದೆ.

ಈಗ ಲೆಕ್ಕವನ್ನು ಕೂಡೋಣ. ಐವರ್ಕ್ಸ್ ಹೊರಟದ್ದು ತಪ್ಪೆಂದು ಹೇಳುವವರು 2,920 ಡಾಲರನ್ನು ತೋರಿಸುತ್ತಾರೆ. ಆದರೆ ಹೊರಡದೆ ಉಳಿದಿದ್ದರೆ ಆತನು ಪ್ರತಿದಿನ ತಿದ್ದಿಸಿಕೊಳ್ಳುವ ಚಿತ್ರಗಾರನಾಗಿಯೇ ಮುದುಕನಾಗುತ್ತಿದ್ದನೇನೋ. ತನಗೆ ನಿಜವಾಗಿ ಒಲಿದದ್ದು ಇಲಿಯಲ್ಲ, ಯಂತ್ರ ಎಂಬುದು ಅವನಿಗೆ ತಿಳಿದದ್ದು ಸ್ವಂತ ಚಿತ್ರಶಾಲೆಯ ಆ ಹಳೆಯ ಮೋಟಾರಿನ ಬಿಡಿಭಾಗಗಳ ನಡುವೆ. ಹೊರಟು ಸೋತದ್ದರಿಂದಲೇ ಆ ಅರಿವು ದೊರೆಯಿತು. ಹಾಗೆಂದು ಹೊರಡುವವರೆಲ್ಲರೂ ಕಣ್ಣು ಮುಚ್ಚಿ ಹೊರಡಲೆಂದು ನಾವು ಹೇಳಲಾರೆವು. ಕೈಯ ಕಸುಬು ಬೇರೆ, ಅಂಗಡಿಯ ಕಸುಬು ಬೇರೆ; ಒಂದನ್ನು ಬಲ್ಲವನು ಇನ್ನೊಂದನ್ನು ಬಲ್ಲವನನ್ನು ಜೊತೆಗಿಟ್ಟುಕೊಳ್ಳಬೇಕು. ಫಲಕದ ಮೇಲೆ ಯಾರ ಹೆಸರೆಂದು ನೋಡುವ ಮೊದಲು ಬಂಡವಾಳ ಯಾರದು, ಅದನ್ನು ಅವರು ಯಾವಾಗ ಹಿಂದೆಗೆಯಬಹುದು ಎಂಬುದನ್ನು ಕರಾರಿನಲ್ಲಿ ಓದಿಕೊಳ್ಳಬೇಕು. ಇಷ್ಟನ್ನು ತಂದೆ ಮಗನಿಗೆ ಹೇಳಲಿ.

ಮತ್ತೊಂದು ಮಾತನ್ನು ಮನೆಯವರೆಲ್ಲರೂ ತಮಗೆ ತಾವೇ ಹೇಳಿಕೊಳ್ಳಲಿ. ಹೊರಟವನು ಎಂದಾದರೂ ಹಿಂದಿರುಗಿದರೆ, ಆ ದಿನ ಬಾಗಿಲಲ್ಲಿ ನಿಲ್ಲಿಸಿ ಹಳೆಯ ಲೆಕ್ಕವನ್ನು ಓದಬಾರದು. ಐವರ್ಕ್ಸನಿಗೆ ಒಂದು ಮೇಜು ಸಿಕ್ಕಿತು. ಅದರ ಮುಂದೆ ಕುಳಿತು ಆತನು ಮತ್ತೆ ಮೂವತ್ತು ವರ್ಷ ದುಡಿದನು.